ಕ್ಷೇತ್ರಭೇಟಿಯ ದಿನ

ಗೆದ್ದು ಬಂದ ಮೇಲೆ ದಮಯಂತಿಗೆ ಮೊದಲು ಕಲಿಸಿದ್ದು ಅವಳ ಕೈಯಲ್ಲಿ ಏನೇನು ಇಲ್ಲ ಎನ್ನುವುದನ್ನು.

ಕಲಿಸಿದವರು ಖಾಂಬೇಟೆ ಸರ್. ಪಾಲಿಕೆಗಳ ಸಭಾ ಕಾರ್ಯದರ್ಶಿಯಾಗಿ ತಲೆ ನರೆಸಿಕೊಂಡು ನಿವೃತ್ತರಾದವರು. ಸುತ್ತಲಿನ ಊರುಗಳಿಂದ ಪಾಲಿಕೆ ಸದಸ್ಯರಾಗಿ ಹೊಸದಾಗಿ ಆರಿಸಿ ಬಂದ ನಗರಸೇವಕರಿಗೆಂದು ಖಾಸಗಿ ಸಂಸ್ಥೆಯೊಂದು ಠಾಣೆಯ ನೌಪಾಡಾದ ಸಭಾಗೃಹದಲ್ಲಿ ತರಬೇತಿ ಇಟ್ಟುಕೊಂಡಿತ್ತು. ಅಲ್ಲಿ ಅವರೇ ಮುಖ್ಯ ಗುರುಗಳು. "ನೀವು ರಸ್ತೆ ಅಗೆಸುವಂತಿಲ್ಲ, ಅಗೆಯುವುದನ್ನು ನಿಲ್ಲಿಸುವಂತೆಯೂ ಇಲ್ಲ. ಕೆಲಸಗಾರನಿಗೆ ಹಾಗೆ ಮಾಡು, ಹೀಗೆ ಮಾಡು ಅನ್ನುವಂತಿಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಿ, ಆಯುಕ್ತರಿಗೆ ಬರೆದುಕೊಡಿ. ಆಜ್ಞೆ ಕೊಡಲು ಹೋದಿರೋ, ನಾಳೆ ಎಡವಟ್ಟಾದಾಗ ಹೊಣೆ ನಿಮ್ಮ ಹೆಗಲಿಗೆ," ಎಂದು ಮರಾಠಿಯಲ್ಲಿ ನಿಧಾನವಾಗಿ, ಒಂದೊಂದೇ ಮಾತು ತೂಗಿ ಹೇಳುತ್ತಿದ್ದರು.

ದಮಯಂತಿ ಎಲ್ಲವನ್ನೂ ಬರೆದುಕೊಂಡಳು. ಶಾಲೆ ಬಿಟ್ಟ ಮೇಲೆ ಹೀಗೆ ಬೆಂಚಿನಲ್ಲಿ ಕೂತು ಬರೆದದ್ದು ಇದೇ ಮೊದಲು. ಡೊಂಬಿವಲಿ ಪೂರ್ವದಲ್ಲಿ ಅವಳ ಗಂಡ ಲೀಲಾಧರನದೊಂದು ಪುಟ್ಟ ಹೋಟೆಲು. ಮದುವೆಯಾಗಿ ಉಚ್ಚಿಲದಿಂದ ಬಂದವಳು ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಅದರ ಗಲ್ಲಾದಲ್ಲಿ ಕೂತಳು. ಬೆಳಗಿನ ಲೋಕಲ್ ಹಿಡಿಯುವವರು, ಕೆಲಸ ಮುಗಿಸಿ ಬರುವವರು, ಸಾಂಬಾರು ಉಪ್ಪಾಯಿತೆಂದು ಜಗಳಕ್ಕೆ ನಿಲ್ಲುವವರು, ಎಲ್ಲರ ಮುಖವೂ ಅವಳಿಗೆ ಪರಿಚಿತ. ಪಕ್ಷದವರು ಟಿಕೆಟು ಕೊಡುತ್ತೇವೆಂದು ಬಂದದ್ದು ಲೀಲಾಧರನ ಬಳಿಗೆ. ಆಮೇಲೆ ಆ ಸೀಟು ಮಹಿಳೆಯರಿಗೆ ಮೀಸಲು ಎಂದಾಯಿತು. ಬಂದವರು ಗಲ್ಲಾದತ್ತ ತಿರುಗಿ ನೋಡಿದರು. ಸೋಲುವ ಸೀಟೆಂದು ಕೊಟ್ಟದ್ದು, ಅವಳು ಗೆದ್ದುಬಿಟ್ಟಳು.

ತರಬೇತಿಯ ಎರಡನೆಯ ಬೆಳಿಗ್ಗೆ ಒಳಚರಂಡಿಯ ಪಾಠ. ಗಟಾರದ ಮ್ಯಾನ್‌ಹೋಲಿಗೆ, ಅಲ್ಲಿನವರ ಮಾತಿನ ಚೇಂಬರಿಗೆ, ಮನುಷ್ಯನನ್ನು ಇಳಿಸುವುದು ಕಾನೂನಿನ ಪ್ರಕಾರ ಅಪರಾಧ, ಎಲ್ಲವನ್ನೂ ಯಂತ್ರದಿಂದಲೇ ಮಾಡಿಸಬೇಕು ಎಂದು ಖಾಂಬೇಟೆ ಸರ್ ಪರದೆಯ ಮೇಲೆ ತೋರಿಸಿದರು. ಮುಂದಿನ ಸಾಲಿನಲ್ಲಿದ್ದ ಸೂರಜ್ ಭೋಯಿರ್ ಅದರ ಫೋಟೋ ಹೊಡೆದುಕೊಂಡ. ದಮಯಂತಿಯ ಪಕ್ಷದ ಗುಂಪಿನ ನಾಯಕ ಅವನು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಆದರೆ ಇದು ಅವನ ಮೂರನೇ ಗೆಲುವು. ಅವನಿಗೆ ತರಬೇತಿಯೇನೂ ಬೇಕಿರಲಿಲ್ಲ, ಹೊಸಬರ ಮೇಲೆ ಒಂದು ಕಣ್ಣಿಡಲು ಜೊತೆಗೆ ಬಂದಿದ್ದ. "ತಾಈ, ಮಧ್ಯಾಹ್ನ ಕ್ಷೇತ್ರಭೇಟಿ. ಫೋಟೋಕ್ಕೆ ಮುಂದೆ ನಿಲ್ಲಿ, ಹಿಂದೆ ಉಳಿಯಬೇಡಿ," ಎಂದ.

ಬಸ್ಸು ಅವರನ್ನು ಪಕ್ಕದ ಊರೊಂದರ ಪಂಪಿಂಗ್ ಸ್ಟೇಷನ್ನಿಗೆ ಕರೆದೊಯ್ದಿತು. ಸಮುದ್ರದ ನೀರು ಒಳನುಗ್ಗಿ ಹರಿಯುವ ಖಾಡಿಯ ಅಂಚಿನಲ್ಲಿತ್ತು ಅದು. ಅವರ ಯಾರ ವಾರ್ಡೂ ಅಲ್ಲ, ಅವರ ಪಾಲಿಕೆಯೂ ಅಲ್ಲ. ನೋಡಿ ಕಲಿಯಲು ಬಂದ ಅತಿಥಿಗಳು ಅಷ್ಟೆ. ಗೇಟಿನಲ್ಲಿ ಎಲ್ಲರಿಗೂ ಹಳದಿ ಹೆಲ್ಮೆಟ್ಟು, ಒಂದೊಂದು ಗುಲಾಬಿ ಕೊಟ್ಟರು. ಖಾಂಬೇಟೆ ಸರ್ ಮೊಣಕಾಲು ನೋವೆಂದು ಆಫೀಸಿನ ಖೋಲಿಯಲ್ಲೇ ಕೂತರು. ಉಳಿದವರನ್ನು ಜೂನಿಯರ್ ಎಂಜಿನಿಯರೊಬ್ಬ ಅಂಗಳಕ್ಕೆ ಕರೆದೊಯ್ದ.

ಅಂಗಳದ ನಡುವೆ ಹೊಸ ಲಾರಿಯಂಥ ಯಂತ್ರ ನಿಂತಿತ್ತು. ಗಟಾರದ ಹೂಳನ್ನು ಹೀರಿ ತೆಗೆಯುವಂಥದ್ದು. ಅದರ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸುರಕ್ಷತೆಯ ಸಾಮಾನು ಜೋಡಿಸಿಟ್ಟಿದ್ದರು: ಮುಖಕ್ಕೆ ಹಾಕುವ ಮಾಸ್ಕು, ಬೆನ್ನಿಗೆ ಕಟ್ಟುವ ಸಿಲಿಂಡರು, ಸೊಂಟದ ಪಟ್ಟಿ, ನೆಲದಡಿಗೆ ಗಾಳಿ ಊದುವ ಬ್ಲೋವರು. ಯಾವುದರ ಮೇಲಿನ ಪ್ಲಾಸ್ಟಿಕ್ಕನ್ನೂ ಇನ್ನೂ ಬಿಚ್ಚಿರಲಿಲ್ಲ. ಸೂರಜ್ ಸಿಲಿಂಡರನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡ.

ಗುಂಪಿನಿಂದ ಸ್ವಲ್ಪ ದೂರದಲ್ಲಿ ಗುತ್ತಿಗೆದಾರನ ಕೆಲಸದವರು ನಿಂತಿದ್ದರು. ಇಬ್ಬರು ಗಂಡಸರು, ಬುಟ್ಟಿ ಹಿಡಿದ ಒಬ್ಬ ಹೆಂಗಸು. ಅವರ ಮಾತು ಕಿವಿಗೆ ಬಿದ್ದದ್ದೇ ದಮಯಂತಿ ತಿರುಗಿದಳು. ತನ್ನ ಕಡೆಯ ಕನ್ನಡವಲ್ಲ, ಆದರೂ ಕನ್ನಡ.

"ಯಾವ ಊರು ನಿಮ್ಮದು?"

ಹೆಂಗಸು ಬೆರಗಿನಿಂದ ನೋಡಿದಳು. "ಸುರಪುರ ಕಡೀಲಿಂದ ಬಂದೀವ್ರಿ. ಈಗ ತುರ್ಭೆದಾಗ ಇರತೀವಿ. ನೀವು ಕನ್ನಡದವ್ರೇನ್ರಿ ಅಕ್ಕಾರ?" ಹೆಸರು ಮರಗಮ್ಮ ಅಂದಳು. ಇವ ನನ್ನ ಗಂಡ, ಅಂವ ನನ್ನ ತಮ್ಮ ದೇವಿಂದ್ರ ಎಂದು ತೋರಿಸಿದಳು. ಗಂಡನ ಹೆಸರು ಸಾಬಣ್ಣ ಎಂದು ಹೇಳಿದವನು ತಮ್ಮ. ಸಾಬಣ್ಣ ಕೈ ಮುಗಿದು ನಕ್ಕ. ತೆಳ್ಳಗಿನ ಆಳು, ನಕ್ಕರೆ ಇಡೀ ಮುಖವೇ ನಗುವಂಥದ್ದು. ಅಷ್ಟರಲ್ಲಿ ಮುಕಾದಮ, ಎಂದರೆ ಅವರ ಮೇಸ್ತ್ರಿ, ಕೂಗಿ ಕರೆದ.

ಯಂತ್ರದ ದಪ್ಪ ಪೈಪನ್ನು ಚೇಂಬರಿನ ಬಾಯಿಗೆ ಇಳಿಸಿ ಚಾಲೂ ಮಾಡಿದರು. ಒಂದಷ್ಟು ಹೊತ್ತು ಭೋರೆಂದು ಹೀರಿತು. ನಗರಸೇವಕರು ಮೂಗು ಮುಚ್ಚಿಕೊಂಡೇ ತಲೆದೂಗಿದರು. ಆಮೇಲೆ ಪೈಪು ಒಮ್ಮೆ ನಡುಗಿತು, ಯಂತ್ರದ ಸದ್ದು ಬದಲಾಗಿ ಒಣಗಂಟಲಿನ ಕೆಮ್ಮಿನಂತಾಯಿತು. ಒಳಗೇನೋ ಸಿಕ್ಕಿಕೊಂಡಿತ್ತು. ಆಪರೇಟರು ಹಿಂದೆ ಮುಂದೆ ಮಾಡಿ ನೋಡಿದ. ಎಂಜಿನಿಯರು ಗಡಿಯಾರ ನೋಡಿಕೊಂಡ. ಬಸ್ಸಿನ ಹತ್ತಿರ ಊಟದ ಪೊಟ್ಟಣಗಳು ಬಂದಿವೆಯೆಂದು ಯಾರೋ ಹೇಳಿದರು.

ಮುಕಾದಮ ಬಾಯಿ ಬಿಡಲಿಲ್ಲ, ಸಾಬಣ್ಣನತ್ತ ಗದ್ದ ಎತ್ತಿದ ಅಷ್ಟೆ. ಸಾಬಣ್ಣ ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ.

ದಮಯಂತಿ ಸೂರಜ್‌ನ ಹತ್ತಿರ ಹೋದಳು. "ಅವನು ಒಳಗೆ ಇಳೀತಾನಾ?"

"ಅದು ಅವರ ರೋಜ್ ಕಾ ಕಾಮ್, ತಾಈ."

"ಬೆಳಿಗ್ಗೆಯಷ್ಟೇ ಸರ್ ಹೇಳಿದ್ರಲ್ಲ, ಯಾರನ್ನೂ ಇಳಿಸಬಾರದು ಅಂತ."

"ಸರ್ ಇದನ್ನೂ ಹೇಳಿದ್ರು, ಕೆಲಸದವರಿಗೆ ನಾವು ಹುಕುಂ ಕೊಡಬಾರದು ಅಂತ." ಸೂರಜ್ ಧ್ವನಿ ತಗ್ಗಿಸಿದ. "ನಾವು ಇಲ್ಲಿ ಪಾಹುಣೆ. ನೆಂಟರ ಮನೆಗೆ ಬಂದು ಅಡುಗೆಮನೆ ಹೊಕ್ಕು ನೋಡ್ತೀರಾ?"

ಆದರೂ ಅವಳು ಮುಕಾದಮನ ಬಳಿ ಹೋಗಿ ನಿಂತಳು. ಅವನು ಅವಳ ಹೆಲ್ಮೆಟ್ಟು, ಕೈಯಲ್ಲಿದ್ದ ಗುಲಾಬಿ ನೋಡಿ, "ದೋನ್ ಮಿನಿಟ್, ಮ್ಯಾಡಂ. ಕಸ ತೆಗೆದು ಬಂದುಬಿಡ್ತಾನೆ," ಎಂದ. ಅವಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ನಾನು ಯಾರು ಹೇಳಲಿಕ್ಕೆ ಎಂದು ಅನಿಸಿತು. ಸುತ್ತ ನಿಂತವರಲ್ಲಿ ಕಲಿತವರಿದ್ದರು, ವಕೀಲರಿದ್ದರು. ಯಾರೂ ಏನೂ ಅನ್ನಲಿಲ್ಲ. ಅವಳೂ ಅನ್ನಲಿಲ್ಲ.

ಸಾಬಣ್ಣ ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದು ಇಳಿದ. ಸೊಂಟಕ್ಕೆ ಹಗ್ಗವೂ ಇರಲಿಲ್ಲ. ತಲೆ ಕಾಣಿಸದಾದ ಮೇಲೆ ಒಂದು ಸಲ ಅವನ ದನಿ ಕೇಳಿತು: "ಸೀರಿ ಸಿಕ್ಕೊಂಡಾದ, ಯಾರದೋ ಹಳೀ ಸೀರಿ." ಮರಗಮ್ಮ ನಕ್ಕಳು. ಆಮೇಲೆ ಒಳಗಿಂದ ಏನೋ ಜಾರಿದ ಸದ್ದು. ನೀರಿಗೆ ಭಾರವಾದದ್ದೊಂದು ಬಿದ್ದಂತೆ. ಅಷ್ಟೇ.

"ಭಾವಾ," ಎಂದು ದೇವಿಂದ್ರ ಬಗ್ಗಿ ಕರೆದ. ಇನ್ನೊಮ್ಮೆ ಕರೆದ.

ಯಾರೋ ಮೊಬೈಲಿನ ಬೆಳಕು ಬಿಟ್ಟರು. ಕೆಳಗೆ ಸಾಬಣ್ಣ ಕಾಣಿಸಿದ. ಹೂಳಿನ ದಿಬ್ಬಕ್ಕೂ ಯಂತ್ರದ ಪೈಪಿಗೂ ನಡುವೆ ಭುಜ ಸಿಕ್ಕಿಕೊಂಡು ವಾಲಿದ್ದ. ಮುಖ ನೀರಿನ ಮೇಲಿತ್ತು. ಕಣ್ಣು ಅರೆ ತೆರೆದಿತ್ತು, ಆದರೆ ನೋಟವಿರಲಿಲ್ಲ.

ದೇವಿಂದ್ರ ಚಪ್ಪಲಿ ಕಳಚಿ ಎಸೆದ. ಒಂದು ಕಾಲು ಮೆಟ್ಟಿಲ ಮೇಲಿಟ್ಟಾಗಿತ್ತು. ದಮಯಂತಿ ಅವನ ತೋಳು ಹಿಡಿದಳು.

ಹೇಗೆ ಅಲ್ಲಿಗೆ ಬಂದೆ, ಗುಲಾಬಿ ಎಲ್ಲಿ ಬಿತ್ತು, ಅವಳಿಗೆ ಗೊತ್ತಿಲ್ಲ. ಕಣ್ಣ ಮುಂದೆ ಇದ್ದದ್ದು ಉಚ್ಚಿಲದ ತವರುಮನೆಯ ಪಕ್ಕದ ಬಾವಿ. ಅವಳಾಗ ಶಾಲೆಗೆ ಹೋಗುವ ಹುಡುಗಿ. ಬೇಸಿಗೆಯಲ್ಲಿ ಪಂಪು ಕೆಟ್ಟಿತೆಂದು ಒಬ್ಬ ಇಳಿದ, ಮೇಲೆ ಬರಲಿಲ್ಲ. ಅವನನ್ನು ಎತ್ತಲು ಅವನ ಅಣ್ಣ ಇಳಿದ. ಅಣ್ಣನನ್ನು ಎತ್ತಲು ದಮಯಂತಿಯ ಸೋದರಮಾವ ಇಳಿದ. ಸಮುದ್ರದಲ್ಲಿ ಈಜಿ ಬೆಳೆದ ಗಂಡಸರು, ಮೊಣಕಾಲುದ್ದದ ನೀರಿನಲ್ಲಿ ಸತ್ತರು. ನೀರಲ್ಲ, ಗಾಳಿ ಕೊಂದದ್ದು. ಮೊದಲನೆಯವನಿಗೆ ಗೊತ್ತಿರಲಿಲ್ಲ. ಉಳಿದಿಬ್ಬರನ್ನು ಯಾರಾದರೂ ಹಿಡಿದುಕೊಂಡಿದ್ದರೆ ಬದುಕುತ್ತಿದ್ದರು ಎಂದು ಅವಳ ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು.

"ಇಳೀಬೇಡ. ಒಳಗೆ ಗ್ಯಾಸ್ ಉಂಟು, ನೀನೂ ಸಾಯ್ತಿ."

"ಬಿಡ್ರಿ ನನ್ನ," ಎಂದು ದೇವಿಂದ್ರ ಕೊಸರಿದ. ಕಬ್ಬಿಣದಂಥ ತೋಳು. ದಮಯಂತಿ ಎರಡೂ ಕೈಯಿಂದ ತಬ್ಬಿ ನೆಲಕ್ಕೆ ಕೂತುಬಿಟ್ಟಳು. ಅವಳ ಭಾರಕ್ಕೆ ಅವನೂ ಬಗ್ಗಿದ. ಮರಗಮ್ಮ ಓಡಿಬಂದು ಅವಳ ಬೆನ್ನಿಗೆ ಗುದ್ದತೊಡಗಿದಳು.

"ಬಿಡ್ರಿ ಅವನ್ನ. ಅಲ್ಲೇ ಕಾಣಸ್ತಾನಲ್ರಿ, ಕೈಗೆ ಸಿಗಂಗದಾನ. ನನ್ನ ಗಂಡ ಸಾಯಲಾಕತ್ಯಾನ. ನೀವ್ಯಾರು ಹಿಡೀಲಾಕ?"

ನಿಜ, ಕೈಗೆ ಸಿಗುವಂತೆ ಇದ್ದ. ಅದೇ ಭಯಂಕರ. ಮರಗಮ್ಮ ಅವಳ ಜಡೆ ಹಿಡಿದು ಎಳೆದಳು, ಹೆಲ್ಮೆಟ್ಟು ಉರುಳಿತು. ಸಾಬಣ್ಣ ಸತ್ತರೆ ಈ ಹೆಂಗಸು ಬದುಕಿಡೀ ತನ್ನ ಮುಖವನ್ನೇ ನೆನೆಸಿಕೊಳ್ಳುತ್ತಾಳೆ ಎಂಬುದು ದಮಯಂತಿಗೆ ಆ ಕ್ಷಣವೇ ಹೊಳೆಯಿತು. ಆದರೂ ಹಿಡಿತ ಸಡಿಲಿಸಲಿಲ್ಲ.

"ಸೂರಜ್ ಭಾವೂ, ಇವನನ್ನು ಹಿಡೀರಿ," ಎಂದು ಮರಾಠಿಯಲ್ಲಿ ಕೂಗಿದಳು. ಸೂರಜ್ ಫೋನು ಹಿಡಿದುಕೊಂಡು ಮರದಂತೆ ನಿಂತಿದ್ದ. ಬಂದದ್ದು ಜ್ಯೋತಿ. ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದ ಕಲ್ಯಾಣದ ಹುಡುಗಿ, ಮೂವತ್ತೂ ದಾಟಿಲ್ಲ. ಹಿಂದಿನಿಂದ ಬಂದು ದೇವಿಂದ್ರನ ಸೊಂಟ ಹಿಡಿದಳು. ಆಮೇಲೆ ಬಸ್ಸಿನ ಡ್ರೈವರ್ ಬಂದ.

"ಫೈರ್ ಬ್ರಿಗೇಡಿಗೆ ಮಾಡಿದ್ರಾ?" ದಮಯಂತಿ ಕೇಳಿದಳು.

"ಹೂಂ, ಬರ್ತಿದ್ದಾರೆ," ಎಂದಳು ಜ್ಯೋತಿ.

ಬರುವವರೆಗೆ? ದಮಯಂತಿ ತೋಳು ಬಿಟ್ಟು ಎದ್ದು ಮೇಜಿನ ಬಳಿಗೆ ಓಡಿದಳು. ಸಿಲಿಂಡರು ಎತ್ತಿದರೆ ಹಗುರ. "ಅದರಲ್ಲಿ ಗಾಳಿ ತುಂಬಿಲ್ಲ, ಮ್ಯಾಡಂ," ಎಂದ ಎಂಜಿನಿಯರು. ಅವನ ತುಟಿ ಬಿಳಿಚಿತ್ತು. "ಈ ಬ್ಲೋವರು?" ಎಂದಾಗ, "ಅದು ತೋರಿಸೋಕೆ ಇಟ್ಟಿದ್ದು, ಸ್ಟೋರಿನವರ ಸಹಿ ಇಲ್ಲದೆ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅವಳು ಪ್ಲಾಸ್ಟಿಕ್ಕನ್ನು ಉಗುರಿನಿಂದ ಹರಿದಳು, ಬಗ್ಗದ ಕಡೆ ಹಲ್ಲು ಹಾಕಿದಳು.

"ವಯರು ತಗೊಂಡು ಬಾ. ಪಂಪ್ ಹೌಸಿನಿಂದ ಎಳಿ. ನೀನು, ಮುಕಾದಮ, ಆಚೀಚೆಯ ಚೇಂಬರ್‌ಗಳ ಮುಚ್ಚಳ ತೆಗೆಸು. ನಿಂತು ನೋಡಬೇಡ, ತೆಗೆಸು."

ತಾನು ಆಜ್ಞೆ ಕೊಡುತ್ತಿದ್ದೇನೆಂದು ಅವಳಿಗೆ ಅನಿಸಲೇ ಇಲ್ಲ. ಹೋಟೆಲಿನಲ್ಲಿ ಬೆಳಗಿನ ಗಿರಾಕಿಗಳ ನಡುವೆ ಗ್ಯಾಸ್ ಮುಗಿದಾಗ ಕೂಗುವ ದನಿ ಅದು. ಜನ ಓಡಿದರು. ಬ್ಲೋವರಿನ ಹಳದಿ ಕೊಳವೆಯನ್ನು ಸಾಬಣ್ಣನ ಮುಖದ ಮಟ್ಟಕ್ಕೆ ಇಳಿಬಿಟ್ಟು ಸ್ವಿಚ್ಚು ಹಾಕಿದರು. ಮೊದಲ ಸಲ ಆಗಲಿಲ್ಲ, ಪ್ಲಗ್ಗು ಸಡಿಲ. ಎರಡನೆಯ ಸಲ ಗಾಳಿ ಹೊಡೆಯಿತು. ಕೊಳೆತ ಮೊಟ್ಟೆಯ ನಾತ ಮೇಲಕ್ಕೆ ನುಗ್ಗಿ ಎಲ್ಲರೂ ಹಿಂದೆ ಸರಿದರು. ಮರಗಮ್ಮ ಮಾತ್ರ ಅಂಚಿನಲ್ಲಿ ಮೊಣಕಾಲೂರಿ ಕೂತಿದ್ದಳು. ಗಂಡನ ಅಂಗಿಯನ್ನು ಎದೆಗೊತ್ತಿಕೊಂಡು ಅವನ ಹೆಸರು ಹಿಡಿದು ಕರೆಯುತ್ತಿದ್ದಳು. ಅವಳ ಕಡೆಯಲ್ಲಿ ಗಂಡನ ಹೆಸರು ಹೇಳುವ ರೂಢಿ ಇದ್ದಿರಲಾರದು.

ದೇವಿಂದ್ರ ಈಗ ಕೊಸರುತ್ತಿರಲಿಲ್ಲ. ನೆಲದ ಮೇಲೆ ಕೂತು ದಮಯಂತಿಯನ್ನೇ ದಿಟ್ಟಿಸುತ್ತಿದ್ದ. ಆ ನೋಟವನ್ನು ಎದುರಿಸುವುದಕ್ಕಿಂತ ಬೆನ್ನಿಗೆ ಬಿದ್ದ ಗುದ್ದೇ ವಾಸಿಯಿತ್ತು.

ಗಂಟೆ ಬಾರಿಸುತ್ತ ಕೆಂಪು ಗಾಡಿ ಬಂತು. ಮಾಸ್ಕು ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿದ. ಸಾಬಣ್ಣನನ್ನು ಎಳೆದು ಮೇಲೆ ಹಾಕಿದಾಗ ಅವನ ತುಟಿ ನೀಲಿಗಟ್ಟಿತ್ತು, ಬಾಯಲ್ಲಿ ಕೆಸರು. ಗಾಡಿಯವನು ಕತ್ತಿಗೆ ಬೆರಳಿಟ್ಟು, "ಆಹೆ, ಆಹೆ," ಎಂದ. ಇದ್ದಾನೆ.

ಆಂಬುಲೆನ್ಸ್ ಹತ್ತುವಾಗ ಮರಗಮ್ಮ ತಿರುಗಿಯೂ ನೋಡಲಿಲ್ಲ.

ಪೊಲೀಸರು ಬರುವಷ್ಟರಲ್ಲಿ ಬಸ್ಸಿನ ಹತ್ತಿರ ಊಟ ಹಂಚಿಕೆಯಾಗಿತ್ತು. ಮುಕಾದಮ ಹೇಳುವುದು ದಮಯಂತಿಗೆ ಕೇಳಿಸಿತು: ಆ ಮನುಷ್ಯನ ಮೊಬೈಲು ಚೇಂಬರಿಗೆ ಬಿತ್ತು, ಯಾರಿಗೂ ಹೇಳದೆ ತಾನೇ ಇಳಿದ, ಸಾಹೇಬರು ಮ್ಯಾಡಮ್ಮುಗಳೆಲ್ಲ ಆಗ ಊಟಕ್ಕೆ ಹೋಗಿದ್ದರು. ಎಂಜಿನಿಯರು ಹೌದೆಂದು ತಲೆಯಾಡಿಸಿದ. ಪೊಲೀಸರು ಬಸ್ಸಿನತ್ತ ನೋಡಿದರು. ಬಸ್ಸಿನಲ್ಲಿದ್ದವರು ಪೂರಿ ಹರಿಯುತ್ತಿದ್ದರು.

ಸೂರಜ್ ಅವಳನ್ನು ಬಸ್ಸಿನ ಹಿಂದಕ್ಕೆ ಕರೆದೊಯ್ದ. "ತಾಈ, ನೀವು ಮಾಡಿದ್ದು ದೊಡ್ಡ ಕೆಲಸ. ವಿಡಿಯೋ ಇದೆ, ಅದನ್ನು ನಾವು ಚೆನ್ನಾಗಿ ಹಾಕೋಣ. ಜೀವ ಉಳಿಸಿದ ನಗರಸೇವಿಕಾ. ಆದರೆ ಯಾರು ಇಳಿಸಿದ್ರು, ಯಾಕೆ ಇಳಿಸಿದ್ರು, ಅದಕ್ಕೆ ಕೈ ಹಾಕಬೇಡಿ. ಈ ಗುತ್ತಿಗೆದಾರ ನಮ್ಮ ಕಡೆಯೂ ಕೆಲಸ ಮಾಡ್ತಾನೆ. ಮಹಿಳಾ ಬಾಲಕಲ್ಯಾಣ ಸಮಿತಿಗೆ ನಿಮ್ಮ ಹೆಸರು ಹೋಗಿದೆ, ಗೊತ್ತಲ್ಲ?"

"ನಾನು ನೋಡಿದೆ, ಸೂರಜ್ ಭಾವೂ. ನೀವೂ ನೋಡಿದ್ರಿ."

"ನಾನು ಫೋನಿನಲ್ಲಿದ್ದೆ," ಎಂದ ಅವನು.

ಅವಳು ಆಫೀಸಿನ ಖೋಲಿಗೆ ಹೋದಳು. ಖಾಂಬೇಟೆ ಸರ್ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು. ಎದುರಿಗಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಸರ್, ನನಗೆ ಹೇಳಿಕೆ ಕೊಡುವ ಅಧಿಕಾರ ಇದೆಯಾ? ಇದು ನನ್ನ ವಾರ್ಡಲ್ಲ."

ಅವರು ಅವಳ ಕೆದರಿದ ಕೂದಲನ್ನು, ಕೆಸರಾದ ಸೀರೆಯನ್ನು ನೋಡಿದರು. "ಕಂಡದ್ದನ್ನು ಹೇಳೋಕೆ ನಗರಸೇವಿಕಾ ಆಗಬೇಕಿಲ್ಲ, ಬಾಈ," ಎಂದರು. ಆಮೇಲೆ ಮೆಲ್ಲಗೆ, "ನಾನು ಒಳಗಿದ್ದೆ. ನನಗೇನೂ ಕಾಣಲಿಲ್ಲ," ಎಂದು ಸೇರಿಸಿದರು. ಅದು ನಿಜವೂ ಆಗಿತ್ತು.

ಅಂದು ಅವಳು ಪೊಲೀಸರೆದುರು ಬಾಯಿ ಬಿಡಲಿಲ್ಲ. ಮನೆಗೆ ಬಂದಾಗ ಲೀಲಾಧರ ಬಾಗಿಲಲ್ಲೇ ನಿಂತಿದ್ದ. ವಿಡಿಯೋ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು.

"ದಾದ ಆಂಡ್?" ಏನಾಯಿತೆಂದು ತುಳುವಿನಲ್ಲಿ ಕೇಳಿದ. ಅವಳು ಎಲ್ಲ ಹೇಳಿದಳು. ಅಷ್ಟರಲ್ಲಿ ಪಕ್ಷದ ಕಚೇರಿಯಿಂದ ಎರಡು ಫೋನು ಬಂದು ಹೋಗಿತ್ತು.

"ನೋಡು ಮಾರಾಯ್ತಿ, ಹೋಟೆಲಿನ ಲೈಸನ್ಸಿಗೆ ನಾಳೆ ಅವರ ಬಾಗಿಲಿಗೇ ಹೋಗ್ಬೇಕು. ಜೀವ ಉಳಿಸಿದ್ದಿ, ಸಾಲದಾ?"

"ಉಳಿದಿದ್ದಾನಾ ಅಂತ ಯಾರಿಗೆ ಗೊತ್ತು? ನೂಲಿನೆಳೆಯಷ್ಟು ಉಸಿರಿತ್ತು. ಅವನು ಸತ್ತರೆ ಮೊಬೈಲ್ ಹುಡುಕ್ಲಿಕ್ಕೆ ಹೋಗಿ ಸತ್ತ ಅಂತ ಆಗ್ತದೆ."

"ಆಗ್ತದೆ," ಎಂದು ಲೀಲಾಧರ ಒಪ್ಪಿಕೊಂಡ. ಅವನು ಸುಳ್ಳಾಡುವವನಲ್ಲ, ಹೆದರುವವನು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಎರಡರ ಅಂತರ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಅವಳು ಸೀರೆಯುಟ್ಟು ಹೊರಟಾಗ ಸ್ಕೂಟರಿನ ಕೀಲಿ ಹಿಡಿದುಕೊಂಡು ಕೆಳಗೆ ಕಾಯುತ್ತಿದ್ದ. "ಒಬ್ಬಳೇ ಹೋಗ್ಬೇಡ," ಎಂದಷ್ಟೇ ಹೇಳಿದ.

ಪೊಲೀಸ್ ಠಾಣೆಯ ಇನ್‌ಸ್ಪೆಕ್ಟರು ಅವಳನ್ನು ಬಹಳ ಕಾಯಿಸಿದ. ಮೂರು ಸಲ ಕೇಳಿದ: ಮುಕಾದಮ ಬಾಯಿಬಿಟ್ಟು ಇಳಿ ಅಂದನಾ? ಇಲ್ಲ, ಗದ್ದ ಎತ್ತಿ ತೋರಿಸಿದ. ಮೊಬೈಲು? ಅವನ ಕೈಯಲ್ಲಿ ಮೊಬೈಲಿರಲಿಲ್ಲ, ಅಂಗಿ ಬಿಚ್ಚಿ ಹೆಂಡತಿಗೆ ಕೊಟ್ಟು ಇಳಿದ. ನೀವು ತಡೆದಿರಾ?

"ಇಲ್ಲ. ಮುಕಾದಮನ ಹತ್ತಿರದ ತನಕ ಹೋದೆ. ಎರಡು ನಿಮಿಷ ಅಂದ. ಸುಮ್ಮನಾದೆ."

ಇನ್‌ಸ್ಪೆಕ್ಟರು ಪೆನ್ನು ಎತ್ತಿದ. "ಅದನ್ನು ಬರೆಯೋದು ಬೇಡ, ಮ್ಯಾಡಂ. ಅವರ ವಕೀಲ ನಿಮ್ಮನ್ನೇ ಹಿಡಿದುಕೊಳ್ತಾನೆ."

"ಬರೀರಿ," ಎಂದಳು ದಮಯಂತಿ.

ಅವಳ ಜೊತೆ ಇನ್ನೊಬ್ಬ ನಗರಸೇವಕರ ಮಾತು ಇದ್ದಿದ್ದರೆ ಗಟ್ಟಿಯಾಗುತ್ತಿತ್ತು. ಜ್ಯೋತಿಗೆ ಫೋನು ಮಾಡಿದಳು. ಜ್ಯೋತಿ ಅತ್ತಳು. ಮಾವ ಪಕ್ಷದ ಹಳೆಯ ಕಾರ್ಯಕರ್ತ, ಮನೆಯಲ್ಲಿ ಬೇಡವೆಂದಿದ್ದಾರೆ, ತಾಈ ಕ್ಷಮಿಸಿ ಎಂದಳು. ದಮಯಂತಿ ಅವಳನ್ನು ಬೈಯಲಿಲ್ಲ. ಅಷ್ಟು ನಗರಸೇವಕರಲ್ಲಿ ದೇವಿಂದ್ರನ ಸೊಂಟ ಹಿಡಿದವಳು ಅವಳೊಬ್ಬಳೇ ತಾನೆ.

ಮುಕಾದಮನನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಸಾಬಣ್ಣ ಐಸಿಯುವಿನಲ್ಲಿ ಉಸಿರಾಟದ ಯಂತ್ರದ ಮೇಲೆ ಬಹಳ ದಿನ ಇದ್ದ. ದಮಯಂತಿ ಎರಡು ಸಲ ಹೋದಳು. ಎರಡು ಸಲವೂ ಮರಗಮ್ಮ ಗೋಡೆಗೆ ಮುಖ ಮಾಡಿ ಕೂತಳು. ತಂದಿದ್ದ ಗಂಜಿಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಬಂದಳು. ಕೊನೆಗೆ ನರ್ಸು ಫೋನು ಮಾಡಿ ಅವನು ಕಣ್ಣು ಬಿಟ್ಟನೆಂದಳು. ಗಲ್ಲಾದಲ್ಲಿ ಕೂತಿದ್ದ ದಮಯಂತಿ ಎದ್ದು ಅಡುಗೆಮನೆಯ ಹಿಂದೆ ಹೋಗಿ ಮುಖ ತೊಳೆದುಕೊಂಡಳು. ಸಮಿತಿಗಳ ಹೆಸರು ಹೊರಬಿದ್ದಾಗ ಯಾವುದರಲ್ಲೂ ಅವಳಿರಲಿಲ್ಲ. ಸೂರಜ್ ಈಗ ಅವಳ ಫೋನು ಎತ್ತುವುದಿಲ್ಲ.

ಮಳೆಗಾಲ ಹತ್ತಿರವಾದ ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಹೊತ್ತಿಗೆ ಮರಗಮ್ಮ ಹೋಟೆಲಿಗೆ ಬಂದಳು. ಬಾಗಿಲಲ್ಲೇ ನಿಂತಳು. ದಮಯಂತಿ ಅವಳನ್ನು ಫ್ಯಾನಿನ ಕೆಳಗಿನ ಮೇಜಿಗೆ ಕರೆದು ಕೂರಿಸಿ ಚಹಾ ತರಿಸಿದಳು.

"ಹೇಗಿದ್ದಾರೆ?"

"ಅದಾನ್ರಿ. ನಾಕು ಹೆಜ್ಜಿ ಹಾಕಿದ್ರ ದಮ್ಮು ಬರತದ. ಹೊರಿ ಎತ್ತಲಾಕ ಆಗಂಗಿಲ್ಲ." ಅವಳು ಚಹಾ ಮುಟ್ಟಲಿಲ್ಲ. "ಅವತ್ತ ನಿಮ್ಮನ್ನ ಅದೇ ಗಟಾರದಾಗ ನೂಕಬೇಕು ಅನಸಿತ್ರಿ ನನಗ."

"ಗೊತ್ತು."

"ಅಂವ ಸತ್ತಿದ್ರ ಇವತ್ತಿಗೂ ಅದೇ ಅನ್ನತಿದ್ದೆ." ಸೆರಗು ಸರಿಮಾಡಿಕೊಂಡು, "ದೇವಿಂದ್ರನೂ ಹೋಗತಿದ್ದ ಅಂತ ಡಾಕ್ಟರ್ ಹೇಳ್ಯಾರ. ಖರೆ ಇರಬೇಕು," ಎಂದಳು.

ಅವಳು ಅದನ್ನು ಹೇಳಲು ಬಂದಿರಲಿಲ್ಲ. ಕೇಸಾದ ಮೇಲೆ ಆ ಗುತ್ತಿಗೆದಾರ ಅವರ ಕಡೆಯವರ್‍ಯಾರನ್ನೂ ಕೆಲಸಕ್ಕೆ ಹಚ್ಚಿಕೊಳ್ಳುತ್ತಿರಲಿಲ್ಲ. ಮನೆಯಲ್ಲೀಗ ದುಡಿಯುವ ಗಂಡಾಳು ದೇವಿಂದ್ರನೊಬ್ಬನೇ. ಅವನು ಭಿವಂಡಿಯಲ್ಲಿ ಬೇರೆ ಸೇಟಿನ ಕೈಕೆಳಗೆ ಸೇರಿದ್ದ.

"ಅಲ್ಲೂ ಇದೇ ಕೆಲಸಾ?"

"ಬಟ್ಟಿಗೆ ಬಣ್ಣಾ ಹಾಕೋ ಕಾರಖಾನಿಗೋಳ ಗಟಾರ ರೀ. ನಾ ಒಳಗ ಇಳಿಯಂಗಿಲ್ಲ ಅಂತ ಆಣಿ ಮಾಡ್ಯಾನ. ಆದ್ರ ನನಗ ನಂಬಿಕಿಲ್ಲ. ನಾ ಹೋದ್ರ ಗೇಟಿನಾಗ ಬಿಡಂಗಿಲ್ಲ. ನೀವು ಬಂದ್ರ ಬಿಡ್ತಾರ."

"ಇವತ್ತು ಹೋಗಿದ್ದಾನಾ?"

"ಮುಂಜಾನೆ ಹೋಗ್ಯಾನ."

ದಮಯಂತಿ ಗಲ್ಲಾದ ಕೀಲಿಯನ್ನು ಲೀಲಾಧರನ ಮುಂದಿಟ್ಟಳು. ಅವನು ಎಲ್ಲಿಗೆಂದು ಕೇಳಲಿಲ್ಲ.

ರಿಕ್ಷಾ ಕಲ್ಯಾಣ ದಾಟಿ ಖಾಡಿಯ ಸೇತುವೆ ಹತ್ತಿತು. ಗೋದಾಮುಗಳ ಲಾರಿಗಳ ನಡುವೆ ಸಿಕ್ಕಿಕೊಂಡು ಕುಂಟುತ್ತ ಸಾಗಿತು. ಮರಗಮ್ಮ ಕಂಬಿ ಹಿಡಿದುಕೊಂಡು, ಗಂಡನಿಗೆ ಈಗ ಖಾರ ಸೇರುವುದಿಲ್ಲ, ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತೇನೆ ಎಂದು ಹೇಳುತ್ತಿದ್ದಳು. ದಮಯಂತಿ ಹೂಂಗುಟ್ಟುತ್ತ ಮುಂದಿನ ಲಾರಿ ಯಾವಾಗ ಸರಿಯುವುದೆಂದು ನೋಡುತ್ತಿದ್ದಳು.

ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ತಡೆದ. ಅವಳು ನಗರಸೇವಿಕಾ ಎಂದಳು. ಎಲ್ಲಿಯವಳೆಂದು ಅವನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಹಿಂಬದಿಯ ಓಣಿಯಲ್ಲಿ ನೀಲಿ ನೀರು ಹರಿಯುತ್ತಿತ್ತು. ಅದರ ಕೊನೆಯಲ್ಲಿ ದೇವಿಂದ್ರ ಕಾಣಿಸಿದ. ಮೇಲೆಯೇ ಇದ್ದ. ಒದ್ದೆಯಾಗದ ಅಂಗಿ, ಒದ್ದೆಯಾಗದ ಕಾಲು. ಮರಗಮ್ಮ ನಿಂತಲ್ಲೇ ನೆಮ್ಮದಿಯ ಉಸಿರು ಬಿಟ್ಟಳು.

ಆದರೆ ಅವನ ಎರಡು ಕೈಗೂ ಹಗ್ಗ ಸುತ್ತಿತ್ತು. ಹಗ್ಗ ತೆರೆದ ಚೇಂಬರಿನೊಳಕ್ಕೆ ಇಳಿದಿತ್ತು.

"ಒಳಗೆ ಯಾರು?" ದಮಯಂತಿ ಕೇಳಿದಳು.

ದೇವಿಂದ್ರ ಅವಳನ್ನು ಗುರುತಿಸಿ ತಡಬಡಿಸಿದ. "ಹೊಸಾ ಹುಡುಗ್ರಿ. ಒಡಿಶಾದಾಂವ. ನಾ ಇಳಿಯಂಗಿಲ್ಲ ಅಂದೆ, ಅದಕ್ಕ ಹಗ್ಗ ಹಿಡೀಲಾಕ ಹಾಕ್ಯಾರ. ಎಳದ್ರ ಅಂವ ತಿರುಗಿ ಎಳೀತಾನ. ಆರಾಮದಾನ ಅಂತ ಗುರ್ತು."

"ಎಳಿ ನೋಡುವ."

ಅವನು ಹಗ್ಗ ಜಗ್ಗಿದ. ಮೂವರೂ ಹಗ್ಗವನ್ನೇ ನೋಡುತ್ತ ನಿಂತರು. ಕೆಳಗಿನಿಂದ ಏನೂ ಬರಲಿಲ್ಲ. ಇನ್ನೊಮ್ಮೆ ಜಗ್ಗಿದ.

"ಮೇಲೆ ತೆಗಿ," ಎಂದಳು ದಮಯಂತಿ. "ಈಗಲೇ. ಯಾರನ್ನೂ ಕೇಳಬೇಡ."

ದೇವಿಂದ್ರ ಕಾಲೂರಿ ಎಳೆದ. ಮರಗಮ್ಮ ಸೆರಗು ಸಿಕ್ಕಿಸಿಕೊಂಡು ಹಗ್ಗಕ್ಕೆ ಕೈ ಹಾಕಿದಳು. ದಮಯಂತಿಯೂ ಹಿಡಿದಳು. ಹಗ್ಗ ಒದ್ದೆಯಾಗಿ ಜಾರುತ್ತಿತ್ತು, ಅಂಗೈ ಸುಟ್ಟಂತಾಯಿತು. ಭಾರ ಒಂದೊಂದೇ ಮೊಳ ಮೇಲೆ ಬಂತು. ಮೊದಲು ನೀಲಿಯಾದ ಎರಡು ಕೈ ಅಂಚು ಹಿಡಿದವು, ಆಮೇಲೆ ತಲೆ. ಹುಡುಗನಲ್ಲ, ಮೀಸೆ ಹಣ್ಣಾಗತೊಡಗಿದ ಗಂಡಸು. ಮೊಣಕೈ ಊರಿ ಹೊರಬಂದು ಕೂತು ಕೆಮ್ಮಿದ, ಬಹಳ ಹೊತ್ತು ಕೆಮ್ಮಿದ. ಎರಡೂ ಕೈಯಲ್ಲಿ ಕೆಸರು ತೆಗೆಯುತ್ತಿದ್ದೆ, ಹಗ್ಗ ಎಳೆಯಲು ಕೈ ಎಲ್ಲಿತ್ತು ಎಂದು ಹಿಂದಿಯಲ್ಲಿ ಸಿಡುಕಿದ. ಎದುರಿಗೆ ಸೀರೆಯುಟ್ಟ ಇಬ್ಬರು ಹೆಂಗಸರು ಏದುಸಿರು ಬಿಡುತ್ತ ನಿಂತದ್ದನ್ನು ಕಂಡು ಬಾಯಿ ಮುಚ್ಚಿದ. ಮರಗಮ್ಮ ಅವನ ಸೊಂಟದ ಗಂಟು ಬಿಚ್ಚತೊಡಗಿದಳು.

ಕಾರ್ಖಾನೆಯ ಹಿಂಬಾಗಿಲು ತೆರೆದ ಸದ್ದಾಯಿತು. ಯಾರೋ ಕೂಗುತ್ತ ಇತ್ತ ಬರುತ್ತಿದ್ದರು. ದಮಯಂತಿ ಅಂಗೈಯ ನೀಲಿಯನ್ನು ಸೆರಗಿಗೆ ಒರೆಸಿಕೊಂಡು, ಚೇಂಬರಿಗೂ ಆ ಬಾಗಿಲಿಗೂ ನಡುವೆ ಬಂದು ನಿಂತಳು.